ಹೂಳಿದವನ ಹಾಜರಿ

ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ಆರ್ವಿಲ್ ಹಾಗೆನ್ ಒಳಬಂದಿದ್ದಾರೆ.'

ಡ್ವೇನ್ ಕಿಸ್ಕಿಲಾ ಕಾಫಿ ಕೆಳಗಿಟ್ಟು ಪರದೆಗೆ ಬಾಗಿದ. ಮಿನ್ನೆಸೋಟದ ಆ ನೀರು ಶುದ್ಧೀಕರಣ ಘಟಕದಲ್ಲಿ ವರ್ಷಗಟ್ಟಲೆ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಆರ್ವಿಲ್‌ನನ್ನು ಕಳೆದ ವಾರವಷ್ಟೇ ಮಣ್ಣು ಮಾಡಿದ್ದರು. ಈಗ ಸತ್ತವನ ಹೆಸರಿನಲ್ಲಿ ಊರಿನ ಕುಡಿಯುವ ನೀರಿಗೆ ಬೆರೆಸುವ, ಹೆಚ್ಚಾದರೆ ಗಂಟಲು ಸುಡುವ ಕಾಸ್ಟಿಕ್ ಸೋಡದ ಪ್ರಮಾಣ ಏರುತ್ತಿತ್ತು. ಡ್ವೇನ್ ಇಳಿಸಿದ. ಅಂಕಿ ಮತ್ತೆ ಏರಿತು. ಅವನು ಓಡಿಹೋಗಿ ಊರಿಗೆ ನೀರು ಹೋಗುವ ಕೊಳವೆಯನ್ನು ಕೈಯಿಂದಲೇ ಮುಚ್ಚಿದ.

ಊರಿನ ತೊಟ್ಟಿಯಲ್ಲಿ ಉಳಿದ ನೀರು ಸಂಜೆಯವರೆಗೆ ಸಾಕು. ಅಷ್ಟರಲ್ಲಿ ಕಳ್ಳ ಸಿಗದಿದ್ದರೆ ಊರಿನ ನಲ್ಲಿಗಳು ಒಣಗುತ್ತವೆ. ಇಲ್ಲವೇ ವಿಷ ಕಾರುತ್ತವೆ.

*

ಕೌಂಟಿಯ ಸೈಬರ್ ತನಿಖಾಧಿಕಾರಿ ಮಾರ್ಲಿಸ್ ಟ್ವೈಟ್ ಬಂದವಳೇ ಹೊರಗಿನ ಇಂಟರ್ನೆಟ್ ತಂತಿ ಕಿತ್ತಳು. ಪರದೆ ಮತ್ತೆ ಬೆಳಗಿತು.

'ಆರ್ವಿಲ್ ಹಾಗೆನ್ ಒಳಬಂದಿದ್ದಾರೆ.'

ಕಿಟಕಿಯಾಚೆ ಸರೋವರದ ಮಂಜು ಗಾಜಿಗೆ ಮುಖ ಒತ್ತಿ ನಿಂತಂತಿತ್ತು.

"ರಜೆ ಹಾಕು ಅಂದ್ರೂ ಕೇಳ್ತಿರ್ಲಿಲ್ಲ," ಡ್ವೇನ್ ತಡವರಿಸಿದ. "ಈಗ್ಲೂ ಬಂದ್ನಾ?"

"ಅವನ ಖಾತೆ ಯಾಕ್ರೀ ಮುಚ್ಲಿಲ್ಲ?"

"ಗೋರಿ ಮಣ್ಣು ಇನ್ನೂ ಹಸಿ, ಮಾರ್ಲಿಸ್. ಹೆಸರು ಅಳಿಸೋಕೆ ಕೈ ಬರ್ಲಿಲ್ಲ."

ಮೊದಲ ಅನುಮಾನ ವಿಧವೆಯ ಮೇಲೆ ಬಿತ್ತು. ಫೋನಿನಲ್ಲಿ ಆಕೆ ಸಿಡುಕಿದಳು: "ಪಾಸ್‌ವರ್ಡಾ? ಮೀನು ಸಿಗೋ ಜಾಗಾನೇ ನಂಗೆ ಹೇಳ್ದೋನಲ್ಲ ಆತ!" ಬೆಳಗಿನಿಂದ ಆಕೆ ಇಗರ್ಜಿಯಲ್ಲಿದ್ದುದನ್ನು ಪಾದ್ರಿಯೇ ದೃಢಪಡಿಸಿದರು.

ಅಷ್ಟರಲ್ಲಿ ಬ್ರೆಂಟ್ ಸಾಥರ್ ಹಾಜರಾದ. ಘಟಕದ ನೆಟ್‌ವರ್ಕ್ ಕಾವಲು ಮೊದಲು ಅವನದೇ ಆಗಿತ್ತು. ಶರತ್ಕಾಲದಲ್ಲಿ ಗುತ್ತಿಗೆ ತಪ್ಪಿತ್ತು.

"ನನ್ನ ಕಳಿಸಿದ್ರಿ, ಭೂತ ಬಂತು," ಎಂದು ನಕ್ಕ. "ಅವತ್ತಿಂದ ಈ ಹೊಸ್ತಿಲು ತುಳಿದಿಲ್ಲ ನಾನು. ಇವತ್ತೇ ಗುತ್ತಿಗೆಗೆ ಸಹಿ ಹಾಕಿ, ಭೂತ ಬಿಡಿಸಿಕೊಡ್ತೀನಿ."

*

ಹೊರಗಿನ ತಂತಿ ಕಿತ್ತ ಮೇಲೂ ಬರುವವನ ದಾರಿ ಒಳಗೇ ಎಲ್ಲೋ ಇರಬೇಕು. ಮಾರ್ಲಿಸ್ ಗೋಡೆಗೋಡೆ ತಡಕಿದಳು. ಊಟದ ಕೋಣೆಯ ಫ್ರಿಜ್ಜಿನ ಹಿಂದೆ, ಎಲ್ಲರೂ ಮರೆತಿದ್ದ ನೆಟ್‌ವರ್ಕ್ ಕಿಂಡಿಗೆ ಬೆಂಕಿಪೆಟ್ಟಿಗೆಯಷ್ಟು ಕಪ್ಪು ಸಾಧನವೊಂದು ಕಚ್ಚಿಕೊಂಡಿತ್ತು. ಒಳಗೆ ಸಿಮ್: ಮೊಬೈಲ್ ಜಾಲದ ಮೂಲಕ ಎಲ್ಲಿಂದಲಾದರೂ ಒಳನುಗ್ಗುವ ಕಳ್ಳದಾರಿ. ಅದನ್ನು ಕಿತ್ತೊಡನೆ ಪರದೆಯಿಂದ ಆರ್ವಿಲ್ ಹೊರನಡೆದ.

"ಕಾರ್ಡಿಲ್ಲದೆ ಬಾಗಿಲು ತೆರೆಯಲ್ಲ. ಯಾರನ್ನ ಒಳಗೆ ಬಿಟ್ರಿ?"

"ಅವನ ಮಣ್ಣಿನ ದಿನ, ಊಟ ಇಲ್ಲೇ ಇಟ್ಕೊಂಡಿದ್ವಿ..." ಡ್ವೇನ್ ತಲೆ ತಗ್ಗಿಸಿದ. "ಎರಡೂ ಕೈಲಿ ಮನೇಲಿ ಬೇಯಿಸಿದ ಬಿಸಿ ಹಾಟ್‌ಡಿಶ್ ಪಾತ್ರೆ ಹಿಡ್ಕೊಂಡು ಚಳೀಲಿ ನಿಂತೋರಿಗೆ ಬಾಗಿಲು ಹಿಡೀದೆ ಇರೋಕಾಗುತ್ತಾ? ಎಲ್ಲಾ ಟೊಪ್ಪಿ, ಮಫ್ಲರು. ಮುಖ ಯಾರು ನೋಡಿದ್ರು?"

ಅವತ್ತಿನ ಪಾತ್ರೆಗಳು ತೊಳೆದು ಒಡೆಯರಿಗಾಗಿ ಕಪಾಟಿನಲ್ಲಿ ಕಾದಿದ್ದವು. ಮಾರ್ಲಿಸ್ ಒಂದೊಂದನ್ನೇ ಬೋರಲು ಹಾಕಿದಳು. ಈ ಸೀಮೆಯಲ್ಲಿ ಪಾತ್ರೆಯ ತಳಕ್ಕೆ ಹೆಸರು ಅಂಟಿಸದೆ ಯಾವ ತಾಯಿಯೂ ಮನೆಯಿಂದಾಚೆ ಕಳಿಸುವುದಿಲ್ಲ.

ಕೊನೆಯದರ ತಳದ ಅಂಟುಪಟ್ಟಿಯಲ್ಲಿ ದುಂಡಗಿನ ಬರಹ: ಸಾಥರ್.

"ಅಯ್ಯೋ, ಅಮ್ಮಾ... ನನ್ ಕೈಗೆ ಕೊಡೋವಾಗ್ಲೂ ಹೆಸರು ಅಂಟಿಸಿದ್ಯಾ?" ಬ್ರೆಂಟ್‌ನ ಬಾಯಿಂದ ಜಾರಿತು.

"ಹೊಸ್ತಿಲು ತುಳಿಯದವನ ಪಾತ್ರೆ ಒಳಗೆ ಹೇಗೆ ಬಂತು?" ಮಾರ್ಲಿಸ್ ಶಾಂತವಾಗಿ ಕೇಳಿದಳು. "ನೀನು ಹೋದ ಮೇಲೆ ಎಲ್ಲರೂ ಪಾಸ್‌ವರ್ಡ್ ಬದಲಿಸಿದ್ರು. ಆಸ್ಪತ್ರೆ ಹಾಸಿಗೇಲಿದ್ದ ಆರ್ವಿಲ್ ಒಬ್ಬನೇ ಬದಲಿಸ್ಲಿಲ್ಲ. ಅದು ಗೊತ್ತಿದ್ದೋನು ನೀನು. ಹೆದರಿಸಿ ಗುತ್ತಿಗೆ ಗಿಟ್ಟಿಸೋಕೆ ಊರಿಗೇ ವಿಷ ಹಾಕೋಕೆ ಹೊರಟೆ."

"ಸಹಿ ಬಿದ್ದ ತಕ್ಷಣ ನಿಲ್ಲಿಸ್ತಿದ್ದೆ," ಎಂದು ಬ್ರೆಂಟ್ ಗೊಣಗಿದ. ಮಾರ್ಲಿಸ್ ಜೊತೆ ಬಂದಿದ್ದ ಪೊಲೀಸರು ಅವನ ತೋಳು ಹಿಡಿದರು.

*

ನೀರು ಪರೀಕ್ಷಿಸಿ, ಕೊಳವೆ ತೆರೆದ ಮೇಲೆ ಆರ್ವಿಲ್‌ನ ಖಾತೆ ಮುಚ್ಚಲು ಮಾರ್ಲಿಸ್ ಕೀಲಿಮಣೆಗೆ ಕೈಯಿಟ್ಟಳು.

"ಬಿಡಿ, ನಾನೇ ಮಾಡ್ತೀನಿ," ಎಂದ ಡ್ವೇನ್. ಖಾಲಿ ಕುರ್ಚಿಯತ್ತ ಒಮ್ಮೆ ನೋಡಿದ. "ಹೋಗು, ಮಾರಾಯ. ಇನ್ನು ಬರ್ಬೇಡ."

ಹೆಸರು ಪರದೆಯಿಂದ ಅಳಿಸಿಹೋಯಿತು.