ಉಲ್ಲಾಳದ ತರಗತಿಯಲ್ಲಿ ತುಂಗಾ ಮಿಸ್

ಗೋವಿಂದರಾಜನಗರದ ಒಂದು ಖಾಸಗಿ ಸ್ಕೂಲಿನ ಎಂಟನೇ ಕ್ಲಾಸಿನ ಬಾಗಿಲಲ್ಲಿ ಯುವಕನೊಬ್ಬ ಬ್ಯಾಗು ಹೊತ್ತು ನಿಂತಿದ್ದ. ವಿಜ್ಞಾನದ ಟೀಚರ್ ತುಂಗಾ ಅವನನ್ನು ಸರಿಯಾಗಿ ನೋಡದೆಯೇ ಹೇಳಿದಳು.

“ಎಲ್‌ಕೆಜಿ ಅಡ್ಮಿಷನ್ ಕೆಳಗಡೆ ಆಫೀಸಲ್ಲಿ.”

“ನನಗಿನ್ನೂ ಮದುವೇನೇ ಆಗಿಲ್ಲ ಮಿಸ್,” ಅಂದ ಅವನು. “ಸ್ಮಾರ್ಟ್ ಬೋರ್ಡ್ ಹಾಕೋಕೆ ಬಂದಿದೀನಿ.”

ಮಕ್ಕಳು ಗೊಳ್ಳೆಂದು ನಕ್ಕವು. ತುಂಗಾಳ ಕಿವಿ ಕೆಂಪಾಯಿತು.

ಅವನ ಹೆಸರು ಸಂಪತ್. ಬೋರ್ಡನ್ನು ಗೋಡೆಗೆ ಕೂರಿಸಿ, ಟೀಚರುಗಳಿಗೆ ಅದನ್ನು ಬಳಸೋದು ಕಲಿಸಿ ಹೋಗೋದು ಅವನ ಕೆಲಸ. ತುಂಗಾಗೆ ಕಲಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು. ಸೀಮೆಸುಣ್ಣ ಹಿಡಿದ ಕೈ ಅವಳದು, ಒತ್ತಿ ಒತ್ತಿ ಬರೆಯುತ್ತಿದ್ದಳು.

“ಬೈಯೋ ಹಾಗೆ ಬರೀಬೇಡಿ ಮಿಸ್. ಮೆಲ್ಲಗೆ.”

“ನಾನು ಬೈತೀನಿ ಅಂತ ಯಾರು ಹೇಳಿದ್ದು?”

“ಹೇಳೋ ಧೈರ್ಯ ಯಾರಿಗಿದೆ ಇಲ್ಲಿ?”

ಅವಳು ನಗು ನುಂಗಿಕೊಂಡು ಬೋರ್ಡಿನ ಕಡೆ ತಿರುಗಿದಳು. ಆರಿದ ಪರದೆಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನೂ ಅಲ್ಲೇ ಅವಳನ್ನು ನೋಡುತ್ತಿದ್ದ. ಇಬ್ಬರೂ ಕಣ್ಣು ತಪ್ಪಿಸಲಿಲ್ಲ.

ಒಂದು ದಿನ ಪರದೆಯ ಮೇಲೆ ಹೃದಯ ಬಡಿಯಿತು. ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯಿತು. ಕಡೇ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂತು ಪ್ರಶ್ನೆ ಕೇಳತೊಡಗಿದರು. ತುಂಗಾ ಸೋತೆನೆಂದು ಒಪ್ಪಿಕೊಂಡಳು. ಬೋರ್ಡಿಗೋ, ಅವನಿಗೋ, ಅವಳಿಗೇ ಸ್ಪಷ್ಟವಿರಲಿಲ್ಲ.

ಆಮೇಲೆ ಸಂಪತ್ ಪಾಠಗಳನ್ನು ರೆಕಾರ್ಡ್ ಮಾಡೋಣ ಅಂದ. ಹುಷಾರಿಲ್ಲದೆ ರಜ ಹಾಕೋ ಮಕ್ಕಳಿಗೆ ಅನುಕೂಲ ಅಂದ. ಸ್ಕೂಲು ಬಿಟ್ಟಮೇಲೆ ಖಾಲಿ ಕ್ಲಾಸಿನಲ್ಲಿ ಅವಳೊಬ್ಬಳೇ ನಿಂತು ಪಾಠ ಮಾಡುತ್ತಿದ್ದಳು.

“ಕ್ಯಾಮೆರಾ ನೋಡಿದ್ರೆ ಮಾತೇ ಬರಲ್ಲ ಕಣ್ರೀ.”

“ಹಾಗಾದ್ರೆ ನನ್ನ ನೋಡಿ. ಒಬ್ಬ ದಡ್ಡನಿಗೆ ಹೇಳಿಕೊಡ್ತಾ ಇದೀನಿ ಅಂದ್ಕೊಳ್ಳಿ.”

ಅವನನ್ನೇ ನೋಡುತ್ತಾ ಅವಳು ವರ್ಷದ ಪಾಠವೆಲ್ಲ ಮುಗಿಸಿದಳು.

ಜೂನ್‌ನಲ್ಲಿ ರಾಗಿಣಿ ಫೋನ್ ಮಾಡಿದಳು. ಬಿ.ಎಡ್. ಕಾಲದ ಗೆಳತಿ, ಇದೇ ಮ್ಯಾನೇಜ್‌ಮೆಂಟಿನ ಉಲ್ಲಾಳದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು.

“ನಿನ್ನ ವಿಡಿಯೋ ನೋಡಿದೆ ಕಣೇ. ಚೆನ್ನಾಗಿ ಮಾಡಿದೀಯ. ಇಲ್ಲಿಗೂ ಈಗ ನೀನೇ ಟೀಚರು. ನಾನು ಬೇಡವಂತೆ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ತುಂಗಾಗೆ ಅಷ್ಟು ನೋಯುತ್ತಿರಲಿಲ್ಲ.

ಮಾರನೆಯ ದಿನ ಅರ್ಧ ರಜ ಹಾಕಿ ಉಲ್ಲಾಳದ ಬಸ್ಸು ಹತ್ತಿದಳು. ಅಲ್ಲಿ ಟೀಚರ್ ಕುರ್ಚಿಯಲ್ಲಿ ಆಯಮ್ಮ ಕೂತಿದ್ದರು, ಗಲಾಟೆ ಆಗದ ಹಾಗೆ ನೋಡಿಕೊಳ್ಳಲು. ಪರದೆಯ ತುಂಬ ತುಂಗಾಳ ಮುಖ. ಅವಳಿಗೇ ಗೊತ್ತಿಲ್ಲದಷ್ಟು ಒಲವು ಆ ಕಣ್ಣಲ್ಲಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಏನೋ ಕೇಳಲು ಕೈ ಎತ್ತಿದಳು. ಪರದೆಯ ತುಂಗಾ ನಗುತ್ತಾ ಮುಂದಿನ ಮಾತಿಗೆ ಹೋದಳು. ಹುಡುಗಿ ಕೈ ಇಳಿಸಿದಳು.

ಬಾಗಿಲಲ್ಲಿ ನಿಂತಿದ್ದ ತುಂಗಾ ಒಳಗೆ ಹೋಗದೆ ಬಸ್‌ಸ್ಟಾಪಿನ ಕಡೆ ತಿರುಗಿದಳು.

ಸಂಜೆ ವಿಜಯನಗರ ಮೆಟ್ರೋ ಸ್ಟೇಷನ್ನಿನ ಕೆಳಗೆ ಸಂಪತ್‌ನನ್ನು ಬರಹೇಳಿದಳು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ.

“ನಾನೂ ನಿಮ್ಮ ಹತ್ರ ಒಂದು ಮಾತಾಡಬೇಕಿತ್ತು,” ಅಂದ. “ಅಮ್ಮನಿಗೆ ಹೇಳಿದೀನಿ. ನಿಮ್ಮನೆಗೆ ಬರ್ತಾರಂತೆ.”

“ಉಲ್ಲಾಳಕ್ಕೆ ಹೋಗಿದ್ದೆ,” ಅಂದಳು ತುಂಗಾ. “ನಿಮಗೆ ಮೊದಲೇ ಗೊತ್ತಿತ್ತಾ?”

ಅವನ ಮುಖ ಬಾಡಿತು. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನೇ.

“ಗೊತ್ತಿತ್ತು. ಹೇಳಿದ್ರೆ ನೀವು ಒಪ್ತಿರಲಿಲ್ಲ. ಅಲ್ಲಿನ ಮಕ್ಕಳಿಗೂ ಒಳ್ಳೆ ಪಾಠ ಸಿಗುತ್ತಲ್ಲ ಅಂದ್ಕೊಂಡೆ.”

“ಪಾಠ ಸಿಕ್ತು. ಕೇಳಿದ್ದಕ್ಕೆ ಉತ್ತರ ಹೇಳೋಳನ್ನ ಮನೆಗೆ ಕಳಿಸಿದ್ರಿ. ಆ ವಿಡಿಯೋಗಳನ್ನ ತೆಗೆಸ್ತೀರಾ?”

“ಅದೀಗ ನನ್ನ ಕೈಲಿಲ್ಲ.”

“ಕೈಲಿದ್ದಾಗಲೂ ಹೇಳಲಿಲ್ಲ. ನೀವು ನನ್ನ ನೋಡ್ತಿದ್ರಾ ಸಂಪತ್, ಇಲ್ಲ ರೆಕಾರ್ಡ್ ಚೆನ್ನಾಗಿ ಬರಲಿ ಅಂತ ನೋಡೋ ಹಾಗೆ ನಟಿಸ್ತಿದ್ರಾ?”

“ಎರಡೂ,” ಅಂದ ಅವನು ಮೆಲ್ಲಗೆ. “ದೇವರಾಣೆ, ಎರಡೂ.”

ಅದು ನಿಜವೆಂದು ಅವಳಿಗೆ ಅನ್ನಿಸಿತು. ಪೂರ್ತಿ ಸುಳ್ಳಾಗಿದ್ದರೆ ಅಲ್ಲೇ ಉಗಿದು ಮರೆತುಬಿಡಬಹುದಿತ್ತು.

“ನನಗೆ ನೀವು ಇಷ್ಟ. ಅದಕ್ಕೇ ಇಷ್ಟು ನೋಯ್ತಿದೆ,” ಅಂದಳು. “ಆದರೆ ನಾಳೆ ನೀವು ಪ್ರೀತಿಯಿಂದ ಒಂದು ಮಾತು ಹೇಳಿದ್ರೂ, ಇದರ ಹಿಂದೆ ಇನ್ನೇನಿದೆ ಅಂತ ನಾನು ಹುಡುಕ್ತೀನಿ. ಹಾಗೆ ಸಂಸಾರ ಮಾಡೋಕಾಗಲ್ಲ.”

“ತುಂಗಾ...”

ಮೊದಲ ಸಲ ಅವನು ಬರೀ ಹೆಸರು ಹಿಡಿದು ಕರೆದಿದ್ದ. ಅದೊಂದು ಪದವನ್ನು ಅವನ ಬಾಯಲ್ಲಿ ಕೇಳಲು ಅವಳು ಎಷ್ಟು ಸಂಜೆ ಕಾದಿದ್ದಳೋ.

“ಮಿಸ್ ಅಂತಲೇ ಕರೀರಿ,” ಅಂದಳು.

ಮೆಟ್ಟಿಲು ಹತ್ತಿ, ಮೆಟ್ರೋ ಕಾರ್ಡು ತೋರಿಸಿ ಒಳಗೆ ಹೋದಳು. ಗೇಟು ಅವಳ ಹಿಂದೆ ಮುಚ್ಚಿಕೊಂಡಿತು.