ಹದಿನೇಳನೇ ನಂಬರಿನ ಮೊದಲ ಕ್ಯಾಸೆಟ್

ದೂರು ಠಾಣೆಗೆ ಬಂದದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ತಂದವರು ಮಿದುಳು ರೋಗಗಳ ಸಂಶೋಧನಾ ಕೇಂದ್ರದ ಮುಖ್ಯಸ್ಥೆ. ಕುರ್ಚಿಯಲ್ಲಿ ಕೂತ ಐದು ನಿಮಿಷಕ್ಕೇ ಅವರು ಠಾಣೆಗೆಲ್ಲ ಡಾಕ್ಟರಮ್ಮ ಆಗಿಬಿಟ್ಟಿದ್ದರು. ಕಳುವಾದದ್ದು ಒಂದು ಹಳೆಯ ಕ್ಯಾಸೆಟ್.

ಎಲ್ಲರೂ ಚೌಕಾಸಿ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದ. "ಒಂದೇ ಕ್ಯಾಸೆಟ್ಟಾ ಮೇಡಂ? ಎಫ್‌ಐಆರ್ ಕಾಗದವೇ ಅದಕ್ಕಿಂತ ದುಬಾರಿ."

ಇನ್‌ಸ್ಪೆಕ್ಟರ್ ಕಣ್ಣಲ್ಲೇ ಗದರಿದ. ಡಾಕ್ಟರಮ್ಮ ಬೇಸರಪಡಲಿಲ್ಲ. ನೆನಪು ಕಳೆಯುವ ರೋಗ ಯಾಕೆ ಬರುತ್ತದೆ ಎಂದು ಅವರ ಕೇಂದ್ರ ಇಪ್ಪತ್ತು ವರ್ಷಗಳಿಂದ ಹುಡುಕುತ್ತಿತ್ತು. ಆರೋಗ್ಯವಾಗಿದ್ದ ಕೆಲವರನ್ನು ವರ್ಷಕ್ಕೊಮ್ಮೆ ಕರೆಸಿ, ಒಂದೇ ಚಿತ್ರ ತೋರಿಸಿ, ಅವರು ಅದನ್ನು ಬಣ್ಣಿಸುವ ಮಾತನ್ನು ಮುದ್ರಿಸುತ್ತಿದ್ದರು. ಅವರಲ್ಲಿ ಕಣ್ಣೆದುರೇ ರೋಗಕ್ಕೆ ಬಿದ್ದವರು ಒಬ್ಬರೇ, ಹದಿನೇಳನೇ ನಂಬರಿನ ಹೆಂಗಸು. ಅವರ ಮೊದಲ ವರ್ಷದ ಕ್ಯಾಸೆಟ್ಟೇ ಹೋಗಿತ್ತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ.

"ರೋಗ ಬಂದ ಮೇಲಿನ ದನಿ ಬೇಕಾದಷ್ಟು ಸಿಗುತ್ತೆ ಇನ್‌ಸ್ಪೆಕ್ಟರೇ. ಬರೋ ಮುಂಚಿನದು ಇದೊಂದೇ. ರೋಗ ಅನ್ನೋ ಕಳ್ಳ ಯಾವಾಗ ನುಗ್ಗಿದ ಅಂತ ಗೊತ್ತಾಗದೆ, ಯಾವ ಬಾಗಿಲಿಂದ ನುಗ್ಗಿದ ಅಂತ ಹೇಗೆ ಹೇಳೋದು?"

ಅನುಮಾನ ಯಾರ ಮೇಲೆ ಎಂದು ಕೇಳಿದಾಗ, ಆರು ತಿಂಗಳ ಹಿಂದೆ ಜಗಳವಾಡಿ ಕೆಲಸ ಬಿಟ್ಟುಹೋದ ತಮ್ಮ ಶಿಷ್ಯೆಯತ್ತ ಬೆರಳು ತೋರಿಸಿದರು.

ಮಧ್ಯಾಹ್ನ ಕೇಂದ್ರದ ಧ್ವನಿಕೋಣೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಹಗಲಿಡೀ ಆ ಕೋಣೆ ತೆರೆದೇ ಇರುತ್ತಿತ್ತಂತೆ. ಬೆಲೆಬಾಳುವ ಯಂತ್ರಗಳು ಇದ್ದಲ್ಲೇ ಇದ್ದವು. ಕಪಾಟಿನ ಕ್ಯಾಸೆಟ್ಟುಗಳನ್ನು ಒಂದೊಂದೇ ತೆಗೆದು ನೋಡುತ್ತಿದ್ದ ಡಾಕ್ಟರಮ್ಮ ಸಿಡುಕಿದರು. ಹದಿನೇಳರ ಆಚೀಚೆಯ ನಾಲ್ಕೈದನ್ನು ಯಾರೋ ಬುದ್ಧಿಗೇಡಿ ಪೂರ್ತಿ ಹಿಂದಕ್ಕೆ ಸುತ್ತಿಟ್ಟಿದ್ದ. ಹಾಗೆ ಇಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿ, ಮಾತಿಗೂ ಮುಂಚೆ ಅದರ ನೆರಳು ಕೇಳಿಸುತ್ತದೆ. ಆದ್ದರಿಂದ ಕೊನೆಯವರೆಗೆ ಓಡಿಸಿ ಹಾಗೇ ಬಿಡುವುದು ಅಲ್ಲಿನ ಕಟ್ಟುನಿಟ್ಟು.

ಸಂಜೆ ಶಿಷ್ಯೆಯನ್ನು ಕರೆಸಿದರು.

"ಕ್ಯಾಸೆಟ್ ನೀವು ತಗೊಂಡ್ರಾ?"

"ಇಲ್ಲ."

"ಕೇಳಿ ಮುಗಿದ ಮೇಲೆ ಕ್ಯಾಸೆಟ್ ಹೇಗಿಡ್ತೀರಿ?"

"ಕೊನೆಗೇ ಬಿಡ್ತೀವಿ. ಒಂದ್ಸಲ ಮರೆತು ಹಿಂದಕ್ಕೆ ಸುತ್ತಿದ್ದಕ್ಕೆ ಡಾಕ್ಟರಮ್ಮ ಮೂರು ದಿನ ಮಾತು ಬಿಟ್ಟಿದ್ರು. ಮತ್ತೆ ಆ ತಪ್ಪು ಮಾಡ್ತೀನಾ?"

ಇನ್‌ಸ್ಪೆಕ್ಟರ್ ಅವಳನ್ನು ಮನೆಗೆ ಕಳಿಸಿದ. ನಂಬರು ಬಲ್ಲವಳು ನಾಲ್ಕೈದು ಕೇಳಿ ಹುಡುಕುವ ಅಗತ್ಯವೇ ಇರಲಿಲ್ಲ. ಬಂದವನು ನಂಬರು ತಿಳಿಯದೆ, ಒಂದು ದನಿಯನ್ನು ಅರಸಿ ಬಂದವನು. ಅವಸರದಲ್ಲೂ ಕೇಳಿದ್ದನ್ನೆಲ್ಲ ಮೊದಲಿಗೆ ಸುತ್ತಿಟ್ಟಿದ್ದಾನೆ ಎಂದರೆ ಅದು ಕೈಗೆ ಹತ್ತಿದ ಅಭ್ಯಾಸ. ಅಂಥ ಕೈಯೊಂದನ್ನು ಇನ್‌ಸ್ಪೆಕ್ಟರ್ ಎಲ್ಲೋ ನೋಡಿದ್ದ. ಎಲ್ಲಿ ಎಂಬುದು ನಾಲಿಗೆಯ ತುದಿಗೆ ಬಂದು ಜಾರುತ್ತಿತ್ತು.

ಮರುದಿನ ಡಾಕ್ಟರಮ್ಮ, ತನಿಖೆಗೆ ಬೇಕೇ ಬೇಕು ಎಂದು ಇನ್‌ಸ್ಪೆಕ್ಟರ್ ಪಟ್ಟು ಹಿಡಿದ ಮೇಲೆ, ಹದಿನೇಳನೇ ನಂಬರಿನ ಗುಟ್ಟು ಬಿಟ್ಟುಕೊಟ್ಟರು. ಆ ಹೆಂಗಸು ಮಾತು ನಿಲ್ಲಿಸಿ ವರ್ಷವಾಗಿತ್ತು. ಕಳೆದ ವಾರ ಕೊನೆಯ ಸ್ಕ್ಯಾನಿಗೆಂದು ಗಂಡ ಕರೆತಂದಿದ್ದರು. ಹಳೆಯ ಟೇಪು ಕೊಡಿ ಎಂದು ಅವರು ಹಿಂದೆ ಎರಡು ಸಲ ಕೇಳಿದ್ದರು. ನಿಯಮ ಅಡ್ಡ ಬಂದಿತ್ತು.

"ಗಂಡನಿಗೆ ಏನು ಕೆಲಸ ಇತ್ತು?"

"ಹಳೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಅಂತೆ."

ನಾಲಿಗೆಯ ತುದಿಯಲ್ಲಿ ಜಾರುತ್ತಿದ್ದದ್ದು ಇನ್‌ಸ್ಪೆಕ್ಟರನಿಗೆ ಈಗ ಸಿಕ್ಕಿತು. ರೀಲ್ ಮಾಮ. ಚಿಕ್ಕಂದಿನಲ್ಲಿ ಆಟ ಬಿಟ್ಟ ಮೇಲೆ ಟಾಕೀಸಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂರುತ್ತಿದ್ದ ಮಕ್ಕಳ ಗುಂಪಿನಲ್ಲಿ ಅವನೂ ಒಬ್ಬ. ಮಾಮ ಕತ್ತರಿಸಿ ಕೊಡುವ ಫಿಲ್ಮ್ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದರೆ ನಾಯಕಿಯ ಅರ್ಧ ಮುಖ, ಖಳನಾಯಕನ ಪೂರ್ತಿ ಮೀಸೆ. ಆದರೆ ರೀಲು ಹಿಂದಕ್ಕೆ ಸುತ್ತಿ ಮುಗಿಯುವವರೆಗೆ ಯಾರಿಗೂ ತುಂಡು ಇಲ್ಲ. "ಮುಂದಿನ ಆಟದವರು ಮೊದಲಿಂದ ನೋಡ್ಬೇಕಲ್ಲೋ," ಎನ್ನುತ್ತಾ ಮಾಮ ಹಿಡಿಕೆ ತಿರುಗಿಸುತ್ತಿದ್ದರು.

ಸ್ವತ್ತು ಗುರುತಿಸಲು ಡಾಕ್ಟರಮ್ಮನನ್ನೂ ಕರೆದುಕೊಂಡು ಇನ್‌ಸ್ಪೆಕ್ಟರ್ ಮತ್ತು ಚೌಕಾಸಿ ಆ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಆಕೆ ಗೋಡೆಗೊರಗಿ ಕೂತಿದ್ದರು. ಎದುರು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್. ಮುದುಕರು ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ.

"ನಾನೇ ತಂದೆ. ಇವಳನ್ನ ಯಂತ್ರದೊಳಗೆ ಮಲಗಿಸಿದ್ರು. ಕೋಣೆ ತೆರೆದಿತ್ತು." ಆಮೇಲೆ ಇನ್‌ಸ್ಪೆಕ್ಟರನ ಮುಖವನ್ನೇ ದಿಟ್ಟಿಸಿದರು. "ನೀನು ಮೆಟ್ಟಿಲ ಮೇಲಿನ ಗೊಣ್ಣೆಸುರುಕನಲ್ವಾ?"

ಚೌಕಾಸಿ ಕೆಮ್ಮಿ ಆಚೆ ನೋಡಿದ.

"ಹೌದು ಮಾಮ," ಎಂದ ಇನ್‌ಸ್ಪೆಕ್ಟರ್. "ಟೇಪು ಹಾಕಿ. ಇವರು ಗುರುತು ಹಿಡಿಬೇಕು."

ಗರಗರ ಸದ್ದಿನ ಹಿಂದಿನಿಂದ ಮಧ್ಯವಯಸ್ಸಿನ, ತುಂಬು ದನಿಯ ಹೆಂಗಸೊಬ್ಬಳು ಮಾತಾಡತೊಡಗಿದಳು. ಚಿತ್ರದಲ್ಲಿ ರೈಲು ನಿಲ್ದಾಣವಿತ್ತು. ಅದನ್ನು ಎರಡೇ ಮಾತಲ್ಲಿ ಮುಗಿಸಿ ಅವಳು ದಾರಿ ತಪ್ಪಿದ್ದಳು. "ರೈಲು ತಪ್ಪಿಸ್ಕೊಂಡ ದಿನ ಹೊತ್ತು ಕಳೆಯೋಕೆ ಸಿನಿಮಾಗೆ ಹೋದೆ ನೋಡಿ. ನಡುವೆ ರೀಲು ಕಿತ್ತುಹೋಯ್ತು. ಜನ ಎಲ್ಲ ಕೂಗಾಟ. ನಾನು ಹಿಂತಿರುಗಿ ನೋಡಿದ್ರೆ, ಆ ಪುಟ್ಟ ಕಿಂಡಿಯಲ್ಲಿ ಒಬ್ಬ ಹಲ್ಲಲ್ಲಿ ಅಂಟುಪಟ್ಟಿ ಕಚ್ಕೊಂಡು ಒದ್ದಾಡ್ತಿದ್ದಾನೆ..."

ದನಿ ಉಸಿರು ತೆಗೆದುಕೊಳ್ಳಲು ನಿಂತಿತು. ಮಂಚದ ಮೇಲಿಂದ ಒಣಗಿದ, ಸಣ್ಣ ದನಿಯೊಂದು ಕೇಳಿತು.

"ಆಮೇಲೆ?"

ಡಾಕ್ಟರಮ್ಮ ತಟ್ಟನೆ ತಿರುಗಿದರು.

"ದಿನಾ ಇಷ್ಟೇ," ಎಂದರು ಮುದುಕರು. "ನಾನು ಹೇಳಿದ್ರೆ ಕೇಳಲ್ಲ. ಇವಳೇ ಹೇಳಿದ್ರೆ ಕೇಳ್ತಾಳೆ. ಅದು ತಾನೇ ಅಂತ ಗೊತ್ತಿಲ್ಲ. ಯಾರೋ ವಾಚಾಳಿ ಅನ್ಕೊಂಡಿರಬೇಕು."

ಟೇಪು ಕೊನೆಮುಟ್ಟಿ ಗುಂಡಿ ಟಕ್ಕೆಂದು ಮೇಲೆದ್ದಿತು. ಬಂಧನದ ಕಾಗದಕ್ಕೆ ಮಾಮ ಓದದೆಯೇ ಸಹಿ ಹಾಕಿದರು. ಕಳ್ಳತನ ಕಳ್ಳತನವೇ. ಅದು ಹಣದಾಸೆಯದಲ್ಲ ಎಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಜಾಮೀನು ಸಿಕ್ಕಿ ಅವರು ಸಂಜೆ ಮರಳುವವರೆಗೆ ಆಕೆಯ ಬಳಿ ಕೂರಲು ಪಕ್ಕದ ಮನೆಯಾಕೆ ಬಂದಳು. ಚೌಕಾಸಿಯೂ ಯಾರೂ ಹೇಳದೆಯೇ ಬಾಗಿಲಲ್ಲಿ ಉಳಿದ.

"ಟೇಪು ಕೊಡೋಕಾಗಲ್ಲ," ಎಂದರು ಡಾಕ್ಟರಮ್ಮ, ಯಾರ ಮುಖವನ್ನೂ ನೋಡದೆ. "ಸೋಮವಾರ ಇವರನ್ನ ಕರ್ಕೊಂಡು ಬನ್ನಿ. ನಾನೇ ಹಾಕ್ತೀನಿ. ಆ 'ಆಮೇಲೆ' ನನಗೂ ಬೇಕು."

ಮಾಮ ತಲೆಯಾಡಿಸಿದರು. ಹೊರಡುವ ಮುಂಚೆ ಅವರ ಬೆರಳು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಸುತ್ತುವ ಗುಂಡಿಯತ್ತ ಹೋಯಿತು.

ಇನ್‌ಸ್ಪೆಕ್ಟರ್ ಆ ಕೈ ಹಿಡಿದುಕೊಂಡ. ತಿರುಗಿಸಿ ತಿರುಗಿಸಿ ಗಟ್ಟಿಯಾದ ಅಂಗೈ ಇನ್ನೂ ಹಾಗೇ ಇತ್ತು.

"ಬೇಡ ಮಾಮ. ಕೊನೆಗೇ ಇರಲಿ. ಅವರಲ್ಲಿ ಹಾಗೇ ಇಡೋದು."