ಮರುದಿನದ ಉತ್ತರ

ಲಲಿತಾಳ ಬಾಯಿಗೆ ಸಿಕ್ಕವರು ಉಳಿದದ್ದುಂಟೇ! ಯಲಬುರ್ಗಾ–ಕೊಪ್ಪಳ ಬಸ್ಸಿನ ಕಂಡಕ್ಟರ್ ಅವಳು. "ಬಸ್ಸು ಯಾವಾಗ ಬಿಡ್ತೀರಿ?" ಎಂದು ಯಾರಾದರೂ ಬಾಗಿಲಲ್ಲಿ ನಿಂತು ಸಿಡುಕಿದರೆ, "ನೀವು ಬಾಗಲಾ ಬಿಟ್ಟ ಕೂಡ್ಲೆ ಬಿಡ್ತೀವ್ರಿ" ಎನ್ನುತ್ತಿದ್ದಳು.

ಜನ ನಗುತ್ತಿದ್ದರು. ನಗಲಿಕ್ಕೆಂದೇ ಕೆಣಕುತ್ತಿದ್ದರು. ಬಂದ ಸಂಬಂಧಗಳೆಲ್ಲ "ಹುಡುಗಿ ಬಾಯಿ ಜೋರು" ಎಂದೇ ತಪ್ಪಿಹೋಗಿದ್ದವು. ಈಗೀಗ ಅವಳಿಗೂ ಸಾಕಾಗಿತ್ತು. ದಿನವಿಡೀ ನಿಂತು ಹೆಂಗಸರ ಉಚಿತ ಪ್ರಯಾಣಕ್ಕೆ ಆಧಾರ್ ಕಾರ್ಡು ನೋಡಬೇಕು, ಟಿಕೆಟ್ ಹರಿಯಬೇಕು, ಅದರ ಮೇಲೆ ಎಲ್ಲರಿಗೂ ಮಾತಿಗೆ ಮಾತು ಕೊಡಬೇಕು. ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು, ಮನಸ್ಸು ಎಲ್ಲೋ ಕಣ್ಣು ಮುಚ್ಚಿ ಕೂತಿರುತ್ತಿತ್ತು.

ಪ್ರಭುರಾಜ ಮಾತ್ರ ಬೇರೆ ತಳಿ. ಸರ್ಕಾರಿ ಕಚೇರಿಯ ಗುಮಾಸ್ತ, ಸಂಜೆ ಯಲಬುರ್ಗಾದಲ್ಲಿ ಹತ್ತಿ ಕುಕನೂರಿನಲ್ಲಿ ಇಳಿಯುವವನು. ಅವಳು ಚುಚ್ಚಿದರೆ ಪೆಚ್ಚಾಗಿ ನಗುತ್ತಿದ್ದ. ಮರುದಿನ ಬಂದು, "ನಿನ್ನಿ ಮಾತಿಗೆ ಉತ್ತರ ಈಗ ಹೊಳೀತ್ರಿ" ಎನ್ನುತ್ತಿದ್ದ.

"ರಾತ್ರೆಲ್ಲಾ ಅದನ್ನ ನೆನಸ್ಕೊಂತ ಕುಂತಿದ್ರೇನು?" ಎಂದು ಒಂದು ಸಂಜೆ ಲಲಿತಾ ಕೆಣಕಿದಳು.

"ಅದನ್ನಲ್ರಿ, ನಿಮ್ಮನ್ನ."

ಅವನಿಗೆ ತಡವಿಲ್ಲದೆ ಬಂದ ಉತ್ತರ ಅದೊಂದೇ. ತಾನೇ ಗಾಬರಿಯಾಗಿ ಕಿಟಕಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾದದ್ದನ್ನು ಲಲಿತಾ, ಅವನು ಇಳಿದ ಮೇಲೂ, ಭಾನಾಪುರದ ತನಕ ಕದ್ದು ಕದ್ದು ನೆನೆದಳು.

ಸೋಮವಾರ ಟಿಕೆಟ್ ತೆಗೆದುಕೊಳ್ಳುತ್ತಾ ಮೆಲ್ಲಗೆ ಕೇಳಿದ. "ನಮ್ಮ ಮನಿಗೆ ಬಂದು ಇರ್ತೀರೇನ್ರಿ? ಖಾಯಂ?"

ಕಣ್ಣು ಮುಚ್ಚಿ ಕೂತಿದ್ದ ಅವಳ ಮನಸ್ಸು ಎದ್ದು ನಿಂತಿತು. ಹೂಂ ಅನ್ನಬೇಕಿತ್ತು. ಹಾಳು ಬಾಯಿ ಕೇಳಬೇಕಲ್ಲ! "ನಿಮ್ಮ ಮನಿ ಮುಂದ ನಮ್ಮ ಬಸ್ ನಿಲ್ಲಂಗಿಲ್ರಿ!"

ಬಸ್ಸು ಗೊಳ್ಳೆಂದಿತು. ಪ್ರಭುರಾಜ ಕುಕನೂರಿನಲ್ಲಿ ತಿರುಗಿ ನೋಡದೆ ಇಳಿದುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ದಿನಾ ಮುಂದಿನ ಸೀಟಿನಲ್ಲಿ ಕೂರುವ ಮುದುಕವ್ವ ಎಲ್ಲ ಕಂಡವಳು. "ಹರಿತಾದ ಕುಡಗೋಲು ಕಸಾನೂ ಕೊಯ್ತೈತಿ, ಬೆಳೀನೂ ಕೊಯ್ತೈತಿ, ಯವ್ವಾ" ಎಂದಳು. ಲಲಿತಾಳಿಗೆ ಅದಕ್ಕೂ ಉತ್ತರ ಹೊಳೆಯಿತು. ಹೇಳಲು ತ್ರಾಣವಿರಲಿಲ್ಲ.

ಗುರುವಾರ ಸಂಜೆ ಅವನು ಹತ್ತಿದ. ಮುಖ ಬಾಡಿತ್ತು.

"ಈ ಸಲ ಉತ್ತರಕ್ಕ ಭಾಳ ತಡಾ ಆತ್ರಿ" ಎಂದ. "ಮನಿ ಮುಂದ ಬಸ್ ನಿಲ್ಲದಿದ್ರ ಬ್ಯಾಡ. ಸ್ಟ್ಯಾಂಡಿನಾಗ ಇಳಿದು ನಡಕೋಂತ ಹೋಗೂಣು. ಭಾಳ ದಣದೀರಿ, ಬ್ಯಾಗ್ ನಾ ಹಿಡಕೋತೀನಿ. ನಮ್ಮ ಮನ್ಯಾಗ ನೀವು ಯಾರಿಗೂ ಉತ್ತರ ಕೊಡೋದು ಬ್ಯಾಡ್ರಿ. ಸುಮ್ನ ಕುಂಡ್ರಬಹುದು."

ಈಗ ಬೀಳುತ್ತದೆ ನೋಡು ಏಟು ಎಂದು ಬಸ್ಸೆಲ್ಲ ಕಾಯಿತು. ಲಲಿತಾ ಬಾಯಿ ತೆರೆದಳು. ಕಣ್ಣು ತುಂಬಿತು. ಅವನ ಪಕ್ಕದ ಸೀಟಿನಲ್ಲಿ ಕುಸಿದು ಕೂತಳು.

"ಯಾಕವ್ವಾ, ಉತ್ತರ ಇಲ್ಲೇನು?" ಎಂದಳು ಮುದುಕವ್ವ.

ಲಲಿತಾ ಹೆಗಲಿನ ಬ್ಯಾಗ್ ಕಳಚಿ ಅವನ ತೊಡೆಯ ಮೇಲಿಟ್ಟಳು.

"ಉತ್ತರ ನಾಳಿ ಕೊಡ್ತೀನ್ರಿ" ಎಂದಳು. "ಹೌದು ಅನ್ನೋದನ್ನ ಇವತ್ತ ತಗೊಳ್ರಿ."